ಮೈಕಮ್ಮನ ಮೂರು ನಾಲ್ಕು

ಬಸ್ ನಿಲ್ದಾಣದ ಮೇಲಂತಸ್ತಿನಲ್ಲಿ ಮೂರು ಕಡೆ ಗಾಜಿರುವ ಪುಟ್ಟ ಕೋಣೆಯೊಂದಿದೆ. ಒಳಗೆ ಒಂದು ಮೇಜು, ಕತ್ತು ಬಗ್ಗಿಸಿದ ಮೈಕು, ಸೀಟು ಹರಿದು ಸ್ಪಂಜು ಇಣುಕುವ ಕುರ್ಚಿ. ಆ ಕುರ್ಚಿಯಲ್ಲಿ ಕೂತು ಬಸ್ಸುಗಳ ಹೆಸರು ಹೇಳುವ ಹೆಂಗಸಿನ ಮುಖವನ್ನು ಕೆಳಗಿನ ಪ್ರಯಾಣಿಕರಲ್ಲಿ ಹೆಚ್ಚಿನವರು ಕಂಡಿರಲಿಲ್ಲ. ದನಿಯನ್ನು ಮಾತ್ರ ಮನೆಯವರ ದನಿಯಷ್ಟೇ ಬಲ್ಲರು. ಚಾಲಕರು, ಕಂಡಕ್ಟರುಗಳು, ಚಹಾ ಮಾರುವವನು, ಎಲ್ಲರಿಗೂ ಆಕೆ ಮೈಕಮ್ಮ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬರುತ್ತಿತ್ತು.

ಯಂತ್ರ ಬರುತ್ತದೆ ಎಂಬ ಸುದ್ದಿ ಬಹಳ ದಿನದಿಂದ ಗಾಳಿಯಲ್ಲಿತ್ತು. ಒಂದು ಮಧ್ಯಾಹ್ನ ಕಂಟ್ರೋಲರ್ ಸಾಹೇಬರೇ ಮೆಟ್ಟಿಲು ಹತ್ತಿ ಬಂದರು. ಮೊಣಕಾಲು ನೋವಿನ ಮನುಷ್ಯ ಮೆಟ್ಟಿಲು ಹತ್ತಿದ್ದಾರೆಂದರೆ ವಿಷಯ ಗಟ್ಟಿಯೇ ಇರಬೇಕೆಂದು ಮೈಕಮ್ಮ ಎದ್ದು ಕುರ್ಚಿ ಬಿಟ್ಟುಕೊಟ್ಟಳು.

"ಮಳೆಗಾಲ ಮುಗಿಯೋದ್ರೊಳಗೆ ಕಂಪ್ಯೂಟರ್ ಕೂಗುತ್ತೆ ಮೈಕಮ್ಮಾ. ಕೆಳಗಡೆ ವಿಚಾರಣೆ ಕೌಂಟರಲ್ಲಿ ಒಂದು ಜಾಗ ಇದೆ. ನಿಮಗೇ ಕೊಡಬೇಕು ಅಂತ ನನಗೂ ಆಸೆ. ಆದ್ರೆ ಅದಕ್ಕೆ ಡಿಗ್ರಿ ಕೇಳ್ತಾರೆ. ನಿಮ್ಮ ಪರೀಕ್ಷೆ ಎಲ್ಲಿಗೆ ಬಂತು?"

"ಒಂದು ಪೇಪರ್ ಉಳಿದಿದೆ ಸರ್."

"ಹೋದ ವರ್ಷವೂ ಒಂದು ಅಂದಿದ್ರಿ?"

"ಅದೇ ಒಂದು ಸರ್."

"ಏನದು ಅಂಥಾ ಪೇಪರ್?"

"ಛಂದಸ್ಸು. ಪದ್ಯದ ಅಳತೆ."

"ದರ್ಜಿ ಅಳೆದ ಹಾಗಾ?"

"ಹಾಗೇ ಸರ್. ನಾನು ಹೊಲಿದಿದ್ದು ಪ್ರತಿ ಸಲ ಬಿಗಿಯಾಗ್ತಿದೆ."

ಸಾಹೇಬರು ನಕ್ಕರು. ನಗು ಮುಗಿದ ಮೇಲೆ ಡಿಗ್ರಿ ಇಲ್ಲದಿದ್ದರೆ ಏನು ಎನ್ನುವುದನ್ನೂ ಹೇಳಿದರು: ಊರಾಚೆಯ ಡಿಪೋದಲ್ಲಿ ಬಿಡಿಭಾಗಗಳ ಉಗ್ರಾಣ. ಸಂಬಳ ಅಷ್ಟೇ, ಕೆಲಸ ಕಡಿಮೆ, ಸದ್ದುಗದ್ದಲ ಇಲ್ಲ.

ಆ ಕೊನೆಯ ಮಾತೇ ಮೈಕಮ್ಮನ ಎದೆಗೆ ನಾಟಿದ್ದು. ಉಗ್ರಾಣವನ್ನು ಆಕೆ ನೋಡಿದ್ದಳು. ಸಾಲು ಸಾಲು ಕಬ್ಬಿಣದ ಕಪಾಟು, ಗ್ರೀಸಿನ ವಾಸನೆ, ಚೀಟಿ ಕೊಟ್ಟು ನಟ್ಟು ಬೋಲ್ಟು ಪಡೆದು ಹೋಗುವ ಮೆಕ್ಯಾನಿಕ್ಕುಗಳು. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಬ್ಬ ಮನುಷ್ಯ ಬಾಯಿ ಬಿಡದೆ ದಿನ ಸಾಗಿಸಬಹುದು. ಯೌವನದಿಂದ ಈವರೆಗೆ ದನಿಯನ್ನೇ ನಂಬಿ ಬದುಕಿದವಳಿಗೆ ಅದು ಕೆಲಸದಂತೆ ಕಾಣಲಿಲ್ಲ, ಬಾಯಿಗೆ ಬೀಗದಂತೆ ಕಂಡಿತು.

ಈ ಪೇಪರ್ರಿಗೂ ಆಕೆಗೂ ಹಳೆಯ ಹಗೆ. ಹುಡುಗಿಯಾಗಿದ್ದಾಗ ಕಾಲೇಜಿನಲ್ಲಿ ಫೇಲಾದದ್ದು ಇದರಲ್ಲೇ. ಮತ್ತೆ ಕಟ್ಟುವಷ್ಟರಲ್ಲಿ ಮದುವೆ, ಮದುವೆಯ ಬೆನ್ನಿಗೆ ಮಗ, ಮಗನ ಬೆನ್ನಿಗೆ ಈ ನೌಕರಿ. ಮಗ ಬೆಳೆದು ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿ, ಮದುವೆಯೂ ಆದಮೇಲೆ ಆಕೆ ದೂರಶಿಕ್ಷಣದಲ್ಲಿ ಮತ್ತೆ ಮೊದಲಿನಿಂದ ಶುರುಮಾಡಿದಳು. ಇತಿಹಾಸ, ಅರ್ಥಶಾಸ್ತ್ರ, ಕತೆ, ನಾಟಕ ಎಲ್ಲವೂ ಸಲೀಸಾಗಿ ಕೈಗೆ ಬಂದವು. ಪಠ್ಯಕ್ಕಿದ್ದ ಹಳೆಯ ಕಾವ್ಯದ ಅರ್ಥವನ್ನು ಕೇಳಿದರೆ ಕಣ್ಣಲ್ಲಿ ನೀರು ಬರುವಂತೆ ಹೇಳುತ್ತಿದ್ದಳು. ಅದೇ ಕಾವ್ಯವನ್ನು ಅಳೆದು ತುಂಡು ಮಾಡಿ ಎಂದರೆ ಮಾತ್ರ ಪೆನ್ಸಿಲು ಮುಂದೆ ಹೋಗುತ್ತಿರಲಿಲ್ಲ.

ಮನೆಯಲ್ಲೇ ಮೇಷ್ಟ್ರು ಇದ್ದದ್ದು ಅದೃಷ್ಟವೋ ದುರದೃಷ್ಟವೋ ಹೇಳುವುದು ಕಷ್ಟ. ಸೊಸೆ ಹೈಸ್ಕೂಲಿನಲ್ಲಿ ಭಾಷೆ ಕಲಿಸುವ ಟೀಚರು. ಸಂಜೆ ಮನೆಗೆ ಬಂದು ಕೈಕಾಲು ತೊಳೆದು ಚಹಾ ಕುಡಿಯುವವರೆಗೆ ಸೊಸೆ, ಆಮೇಲೆ ಟೀಚರು. ಎದುರಿಗೆ ಹಾಳೆ ಪೆನ್ಸಿಲು ಹಿಡಿದು ಅತ್ತೆ. ನಿವೃತ್ತ ಬಸ್ ಚಾಲಕನಾದ ಗಂಡನಿಗೆ ಅದಕ್ಕಿಂತ ದೊಡ್ಡ ಮೋಜು ಬೇರೆ ಇರಲಿಲ್ಲ.

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರಲ್ಲ, ಅದನ್ನ ಕಣ್ಣಾರೆ ನೋಡಿದ ಮೊದಲನೇ ಗಂಡಸು ನಾನೇ ಇರಬೇಕು."

"ನೀವು ಸುಮ್ನೆ ಪೇಪರ್ ಓದ್ರೀ."

"ಓದ್ತಾ ಇದ್ದೀನಿ. ನಿನ್ನ ಪೇಪರ್ರೇ ಹೆಚ್ಚು ಸ್ವಾರಸ್ಯವಾಗಿದೆ."

ಸೊಸೆ ಹಾಳೆಯ ಮೇಲೆ ಪದ್ಯ ಬರೆದಿಟ್ಟಿದ್ದಳು. ಹೊಳೆಯ ದಡಕ್ಕೆ ಬಂದು ಸಿಕ್ಕಿಬಿದ್ದ ದಾರಿಹೋಕನ ಪದ್ಯ ಅದು. ಛಂದಸ್ಸಿನ ಭಾಗದಲ್ಲಿ ಪರೀಕ್ಷಕರೆಲ್ಲ ಕೇಳುವುದು ಇದನ್ನೇ.

ದೂರ ದಡದಲಿ ದೀಪ ಹೊಳೆಯಲು
ಸೇರಲಾರದೆ ನಿಂದ ಪಥಿಕನು
ಭಾರದೆದೆಯಲಿ ಕೂಗಿ ಕರೆದನು ದೋಣಿಯಂಬಿಗನ
ನೀರಿನೊಡಲಲಿ ನಡುಗಿ ಬಂದುದು
ಯಾರು ನೀನೆಂಬೊಂದು ಮರುದನಿ
ತೀರವೆರಡರ ನಡುವೆ ಹೊಳೆಯದು ಹರಿದುಕೊಂಡಿರಲು

"ಹಗುರ ಅಕ್ಷರಕ್ಕೆ ಒಂದು ಮಾತ್ರೆ, ಭಾರದ ಅಕ್ಷರಕ್ಕೆ ಎರಡು. ಹಗುರ ಲಘು, ಭಾರ ಗುರು. ಇದು ನಿಮಗೆ ಗೊತ್ತು ಅತ್ತೆ," ಎಂದಳು ಸೊಸೆ. "ಚಿಕ್ಕ ಸಾಲಲ್ಲಿ ಮೂರು ನಾಲ್ಕು, ಮೂರು ನಾಲ್ಕು. ಉದ್ದ ಸಾಲಲ್ಲಿ ಅದೇ ಮೂರು ನಾಲ್ಕು ಮೂರು ಸಲ ಬಂದು, ತುದಿಗೆ ಒಂದು ಗುರು. ಆರು ಸಾಲಿನ ಷಟ್ಪದಿ. ಈಗ ತುಂಡು ಮಾಡಿ."

ಮೊದಲ ಸಾಲು ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿಯಿತು. ದೂರ, ಮೂರು. ದಡದಲಿ, ನಾಲ್ಕು. ದೀಪ, ಮೂರು. ಹೊಳೆಯಲು, ನಾಲ್ಕು. ಒಂದು ತುಂಡಿಗೆ ಒಂದು ಪದ. ಮೈಕಮ್ಮ ಗೆದ್ದವಳಂತೆ ಗಂಡನ ಕಡೆ ನೋಡಿದಳು. ಆ ಸಾಲೇ ಆಕೆಯನ್ನು ಕೆಡಿಸುತ್ತಿತ್ತು. ಎರಡನೇ ಸಾಲಿಗೆ ಬಂದು ಆಕೆ ಗೆರೆ ಎಳೆದಳು: ಸೇರಲಾರದೆ, ನಿಂದ, ಪಥಿಕನು. ಏಳು, ಮೂರು, ನಾಲ್ಕು.

"ಏಳು ಎಲ್ಲಿಂದ ಬಂತು ಅತ್ತೆ?"

"ಎಣಿಸಿ ನೋಡು. ಏಳೇ ಇದೆ."

"ಎಣಿಕೆ ಸರಿ. ತುಂಡು ತಪ್ಪು. 'ಸೇರ' ಅಂದ ಕೂಡ್ಲೇ ಮೂರು ಮುಗೀತು. ಅಲ್ಲಿ ಕತ್ತರಿಸಿ."

"ಅಲ್ಲಿ ಕತ್ತರಿಸಿದ್ರೆ 'ಸೇರ' ಅಂತಾಯ್ತು. ಸೇರ ಅಂದ್ರೆ ಸೇರುವುದಿಲ್ಲ ಅಂತಲೋ, ಇನ್ನೊಂದಂತಲೋ? ಪಾಪ ಅವನು ಸೇರೋಕೆ ಆಗದೆ ನಿಂತಿದ್ದಾನೆ. ಮಾತು ಮುಗಿಯೋ ಮೊದಲೇ ಅವನ ಕತ್ತು ಹಿಸುಕಿದ ಹಾಗಾಗುತ್ತೆ."

ಹೋದ ವರ್ಷ ಮನೆಯಿಂದ ಬರೆದು ಕಳಿಸಿದ ಉತ್ತರದಲ್ಲೂ ಆಕೆ ಇದನ್ನೇ ಮಾಡಿದ್ದಳು. ಐದನೇ ಸಾಲನ್ನು ಮೂರು, ಏಳು, ನಾಲ್ಕು ಎಂದು ಕಡಿದು ಕಳಿಸಿದ್ದಕ್ಕೆ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ "ಇದು ಯಾವ ಹೊಸ ಛಂದಸ್ಸು?" ಎಂದು ಬಂದಿತ್ತು.

ಕೆಂಪು ಶಾಯಿಯವರಿಗೆ ಗೊತ್ತಿಲ್ಲದ ಕಾರಣವೊಂದಿತ್ತು. ಮೈಕಿನ ಮುಂದೆ ಕೂತ ಮೊದಲ ವಾರ, "ಬಂದರು ರಸ್ತೆ ಆಸ್ಪತ್ರೆಗೆ ಹೋಗುವ ಬಸ್ಸು" ಎನ್ನುವಾಗ ಗಂಟಲು ಒಣಗಿ ಆಕೆ "ಬಂದರು" ಎಂಬಲ್ಲಿ ನಿಂತಳು. ಆ ಒಂದು ಉಸಿರಿನ ಸಂದಿನಲ್ಲಿ ಮುದುಕನೊಬ್ಬ ಎದ್ದು ಪಕ್ಕದಲ್ಲಿ ನಿಂತಿದ್ದ ಬಂದರಿನ ಬಸ್ಸು ಹತ್ತಿಬಿಟ್ಟ. ಅವನು ಹೋಗಬೇಕಿದ್ದದ್ದು ಆಸ್ಪತ್ರೆಯಲ್ಲಿದ್ದ ತಂಗಿಯನ್ನು ನೋಡಲು. ಇಡೀ ಮಧ್ಯಾಹ್ನ ಹಡಗು ನೋಡಿಕೊಂಡು ವಾಪಸ್ಸಾದ. ಮರುದಿನ ಮೆಟ್ಟಿಲು ಹತ್ತಿ ಗಾಜಿನ ಕೋಣೆಗೆ ಬಂದು, ಜಗಳವಾಡದೆ, ಮೆಲ್ಲಗೆ ಕೇಳಿದ: "ಅಮ್ಮಾ, ಉಸಿರು ಆಮೇಲೆ ತಗೋಬಹುದಿತ್ತಲ್ಲ?"

ಅಂದಿನಿಂದ ಮೈಕಮ್ಮ ಹೆಸರಿನ ನಡುವೆ ಉಸಿರು ತೆಗೆದುಕೊಂಡವಳಲ್ಲ. ಎಷ್ಟು ಉದ್ದದ ಹೆಸರಾದರೂ ಒಂದೇ ದಾರದಲ್ಲಿ ಪೋಣಿಸಿ ಇಳಿಸುತ್ತಿದ್ದಳು. ಕೆಮ್ಮು ಬಂದರೆ ಮೊದಲು ಕೆಮ್ಮಿ ಮುಗಿಸಿ ಆಮೇಲೆ ಗುಂಡಿ ಒತ್ತುತ್ತಿದ್ದಳು. ಪದ ಒಡೆದರೆ ಯಾರೋ ಒಬ್ಬರು ಬೇರೆ ದಡ ಸೇರುತ್ತಾರೆ. ಕೈಯಲ್ಲಿ ಪೆನ್ಸಿಲ್ ಹಿಡಿದಾಗಲೂ ಈ ಭಯ ಬೆರಳಿನ ತುದಿಯಲ್ಲೇ ಇರುತ್ತಿತ್ತು.

ಸೊಸೆ ಸಹನೆಯಿಂದಲೇ ಶುರುಮಾಡಿದವಳು. ಒಂದು ಸಂಜೆ ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತ, ಒಂದು ಕಾಯಿ ಎತ್ತಿ ತೋರಿಸಿದಳು. "ನೋಡಿ ಅತ್ತೆ, ಬೀಜ ಎಲ್ಲಿದೆ ಅಂತ ನೋಡಿ ಹೆಚ್ಚುತ್ತೀರಾ? ಎಲ್ಲ ತುಂಡೂ ಒಂದೇ ಅಳತೆ ಇರಬೇಕು, ಅಷ್ಟೇ. ಬೀಜದ ಮೇಲೆ ಚಾಕು ಬಂದ್ರೆ ಬೀಜ ಎರಡು ಹೋಳು."

"ಬೀಜಕ್ಕೆ ನೋವಾಗಲ್ಲ."

"ಪದಕ್ಕೆ ಆಗುತ್ತಾ?"

"ನನಗಾಗುತ್ತಲ್ಲ."

ದಿನ ಕಳೆದಂತೆ ಸಹನೆ ಸವೆಯಿತು. ಈ ಪೇಪರ್ರಿಗೆ ಮೌಖಿಕ ಪರೀಕ್ಷೆಯೇ ನಿರ್ಣಾಯಕ; ಅದಕ್ಕೆ ವಾರ ಉಳಿದಿದ್ದಾಗ ಮೈಕಮ್ಮ ಮತ್ತೆ "ನೀನೆಂಬೊಂದು" ಎಂಬುದನ್ನು ಇಡಿಯಾಗಿ ಬಿಟ್ಟಳು. ಸೊಸೆ ಪುಸ್ತಕ ಮುಚ್ಚಿದಳು.

"ನನ್ನ ಎಂಟನೇ ಕ್ಲಾಸಿನ ಮಕ್ಕಳು ಎರಡು ದಿನದಲ್ಲಿ ಕಲೀತಾರೆ ಅತ್ತೆ."

ಹೇಳಿದ ಮೇಲೆ ಅವಳ ಮುಖವೇ ಸಣ್ಣದಾಯಿತು. ಮೈಕಮ್ಮ ಪೆನ್ಸಿಲನ್ನು ಮೇಜಿನ ಮೇಲೆ ಉರುಳದಂತೆ ಅಡ್ಡಲಾಗಿ ಇಟ್ಟಳು.

"ಅವರಿಗೆ ಕಳಕೊಳ್ಳೋಕೆ ಏನಿದೆ ಮಗಳೇ? ಮಾತಾಡೋ ಕೆಲಸ ಹೋಗಿ ನಟ್ಟು ಬೋಲ್ಟು ಎಣಿಸೋಳು ನಾನು ತಾನೇ? ಬಿಡು. ಕೋಣನ ಮುಂದೆ ಕಿನ್ನರಿ ಎಷ್ಟು ದಿನ ಬಾರಿಸ್ತೀಯ."

ಕುಕ್ಕರ್ ಒಂದು ಸಲ ಕೂಗಿ ತಣ್ಣಗಾಯಿತು. ಬಾಗಿಲ ಬಳಿ ಚಪ್ಪಲಿಯ ಪಟ್ಟಿ ಹೊಲಿಯುತ್ತ ಕೂತಿದ್ದ ಗಂಡ, ಸೂಜಿಯಿಂದ ಕಣ್ಣೆತ್ತದೆ ಕೇಳಿದ:

"ಏನೇ, ಒಂದು ಮಾತು. ನಾನು ಬಸ್ ಓಡಿಸ್ತಿದ್ದಾಗ ರಸ್ತೆ ಪಕ್ಕ ಕಿಲೋಮೀಟರ್ ಕಲ್ಲು ಇರ್ತಿತ್ತಲ್ಲ?"

"ಇರ್ತಿತ್ತು. ಅದಕ್ಕೇನೀಗ?"

"ಪ್ರತಿ ಕಲ್ಲಿಗೂ ಬಸ್ ನಿಲ್ಲಿಸ್ತಿದ್ನಾ?"

"ನಿಲ್ಲಿಸಿದ್ರೆ ಜನ ಹೊಡೀತಿದ್ರು."

"ಕಲ್ಲು ಒಂದ್ಸಲ ಸಂತೆ ನಡುವೆ ಬರುತ್ತೆ, ಒಂದ್ಸಲ ಸೇತುವೆ ನಡುವೆ, ಒಂದ್ಸಲ ಯಾರದ್ದೋ ಹಿತ್ತಲಲ್ಲಿ. ಅದು ಅಳತೆ. ಜನ ಇಳಿಯೋದು ಸ್ಟಾಪಲ್ಲಿ. ಕಲ್ಲೇ ಬೇರೆ, ಸ್ಟಾಪೇ ಬೇರೆ. ಇವಳು ನಿನಗೆ ಕಲ್ಲು ನೆಡು ಅಂತಿದ್ದಾಳೆ, ನೀನು ಬಸ್ ನಿಲ್ಲಿಸು ಅಂದ ಹಾಗೆ ಹೆದರ್ತಿದ್ದೀಯ."

ಮೈಕಮ್ಮ ಗಂಡನನ್ನೇ ನೋಡಿದಳು. ಆಮೇಲೆ ಸೊಸೆಯನ್ನು ನೋಡಿದಳು. "ಹಾಗಾದ್ರೆ ಗೆರೆ ಎಳೆದ ಕಡೆ ಓದುವಾಗ ನಿಲ್ಲಬೇಕಾಗಿಲ್ವಾ?"

"ಅಯ್ಯೋ ಇಲ್ಲ ಅತ್ತೆ! ಗೆರೆ ಹಾಳೆ ಮೇಲಷ್ಟೇ. ದನಿ ಓಡ್ತಾನೇ ಇರುತ್ತೆ. ಇಷ್ಟು ದಿನ ನೀವು ಅಲ್ಲಿ ನಿಲ್ಲಬೇಕು ಅಂದ್ಕೊಂಡಿದ್ರಾ?"

"ನೀನು 'ಕತ್ತರಿಸಿ ಕತ್ತರಿಸಿ' ಅಂದೆ. ಕತ್ತರಿಸಿದ್ದು ಮತ್ತೆ ಕೂಡುತ್ತೆ ಅಂತ ಯಾವಾಗ ಹೇಳಿದೆ?"

ಸೊಸೆ ಹಣೆಗೆ ಕೈ ಹಚ್ಚಿಕೊಂಡು ನಕ್ಕಳು. "ಮಾವ, ನಾಳೆ ನನ್ನ ಕ್ಲಾಸಿಗೆ ಬಂದುಬಿಡಿ."

"ಬರ್ತೀನಿ. ಬ್ರೇಕು ಹೇಗೆ ಹಾಕೋದು ಅಂತ ಒಂದು ಪಾಠ ಮಾಡಿ ಬರ್ತೀನಿ."

ಮೈಕಮ್ಮ ಪೆನ್ಸಿಲ್ ಎತ್ತಿಕೊಂಡಳು. ಸೇರ, ಕಲ್ಲು. ಲಾರದೆ, ಕಲ್ಲು. ನಿಂದ, ಕಲ್ಲು. ಪಥಿಕನು. ಮೂರು ನಾಲ್ಕು ಮೂರು ನಾಲ್ಕು. ದಾರಿಹೋಕ ಇದ್ದಲ್ಲೇ ಇದ್ದ, ಅವನಿಗೇನೂ ಆಗಲಿಲ್ಲ. ಆ ರಾತ್ರಿಯ ಅಡುಗೆಗೆ ಉಪ್ಪು ಹೆಚ್ಚಾದದ್ದನ್ನು ಯಾರೂ ಎತ್ತಿ ಆಡಲಿಲ್ಲ.

ಹಾಗೆಂದು ಭಯ ಒಂದೇ ಏಟಿಗೆ ಬಿಟ್ಟು ಹೋಗಲಿಲ್ಲ. ಪರೀಕ್ಷೆಯ ದಿನ ಕಾಲೇಜಿನ ಮೊಗಸಾಲೆಯಲ್ಲಿ ಕೂತು ಪದ್ಯದ ಹಾಳೆಯನ್ನು ಮತ್ತೆ ಮತ್ತೆ ಬಿಡಿಸಿ ನೋಡುತ್ತಿದ್ದಳು. ಸುತ್ತ ಇದ್ದವರೆಲ್ಲ ಮಗನಿಗಿಂತ ಚಿಕ್ಕವರು. ಒಬ್ಬಳು ಹುಡುಗಿ, "ಆಂಟಿ, ನೀವು ಯಾರ ಜೊತೆ ಬಂದಿದ್ದೀರ?" ಎಂದು ಕೇಳಿದಳು. "ನನ್ನ ಜೊತೆಗೇ ಬಂದಿದ್ದೀನಿ," ಎಂದಳು ಮೈಕಮ್ಮ. ನಿಜವಾಗಿ ಗಂಡನೂ ಬಂದಿದ್ದ. ಗೇಟಿನ ಹೊರಗೆ ನಿಂತು ಯಾರದೋ ಲಾರಿಯ ಇಂಜಿನ್ ಸದ್ದಿಗೆ ಕಿವಿಗೊಟ್ಟು, ಅದರ ರೋಗ ಏನೆಂದು ಚಾಲಕನಿಗೆ ವಿವರಿಸುತ್ತಿದ್ದ.

ಒಳಗೆ ಪರೀಕ್ಷಕರು ಇಬ್ಬರು. ದಪ್ಪ ಕನ್ನಡಕದ ಹಿರಿಯ ಪ್ರಾಧ್ಯಾಪಕರು, ಪಕ್ಕದಲ್ಲಿ ನೆಗಡಿಯಾಗಿ ಮೂಗು ಒರೆಸಿಕೊಳ್ಳುತ್ತಿದ್ದ ತರುಣ ಅಧ್ಯಾಪಕಿ. ಹಿರಿಯರು ಪುಸ್ತಕ ತೆರೆದು ಬೆರಳಿಟ್ಟದ್ದು ಹೊಳೆ ದಂಡೆಯ ಪದ್ಯದ ಮೇಲೆಯೇ. ಮೈಕಮ್ಮ ಬೋರ್ಡಿನ ಮೇಲೆ ಒಂದೊಂದೇ ಸಾಲು ಬರೆದು ಕಲ್ಲು ನೆಟ್ಟಳು. ಮೂರನೇ ಸಾಲಿನ ತುದಿಯ "ನ"ಕಾರಕ್ಕೆ ಮೊದಲು ಲಘುವಿನ ಗುರುತು ಹಾಕಿ, ಸಾಲಿನ ಕೊನೆಯಲ್ಲಿ ಬಂದದ್ದು ಗುರುವಾಗುತ್ತದೆ ಎಂಬುದು ನೆನಪಾಗಿ ಅಂಗೈಯಿಂದಲೇ ಒರೆಸಿದಳು. ಐದನೇ ಸಾಲಿಗೆ ಬಂದಾಗ ಸೀಮೆಸುಣ್ಣ ಒಂದು ಗಳಿಗೆ ತಡೆಯಿತು. ಆಮೇಲೆ ಎಳೆದಳು: ಯಾರು, ನೀನೆಂ, ಬೊಂದು, ಮರುದನಿ.

"ಸರಿಯಾಗಿದೆ," ಎಂದರು ಹಿರಿಯರು. "ಪ್ರಾಸ ಹೇಳಿ."

"ಪ್ರತಿ ಸಾಲಿನ ಎರಡನೇ ಅಕ್ಷರ 'ರ'ಕಾರ ಸರ್. ದೂರ, ಸೇರ, ಭಾರ, ನೀರಿ, ಯಾರು, ತೀರ. ಅದರ ಹಿಂದೆ ಎಲ್ಲಾ ಕಡೆ ದೀರ್ಘ."

"ಹಿಂದೆ ದೀರ್ಘ ಬಂದ್ರೆ ಆ ಪ್ರಾಸಕ್ಕೆ ಏನು ಹೆಸರು?"

ಪ್ರಾಸಗಳಿಗೆ ಪ್ರಾಣಿಗಳ ಹೆಸರಿರುವುದು ಗೊತ್ತಿತ್ತು. ಸೊಸೆ ನೂರು ಸಲ ಹೇಳಿದ್ದಳು. ಸಿಂಹ ಅಲ್ಲ. ಕುದುರೆ ಅಲ್ಲ. ಮೈಕಮ್ಮ ಕಣ್ಣು ಮುಚ್ಚಿದಳು, ಸೊಂಡಿಲು ಕಂಡಿತು, ಹೆಸರು ಬರಲಿಲ್ಲ.

"ಆನೆ ಪ್ರಾಸ ಸರ್."

ನೆಗಡಿಯ ಅಧ್ಯಾಪಕಿ ಕರವಸ್ತ್ರದೊಳಗೇ ನಕ್ಕಳು. ಹಿರಿಯರೂ ನಕ್ಕರು. "ಗಜಪ್ರಾಸ. ಆನೆ ಅಂದ್ರೂ ಅದೇ ಪ್ರಾಣಿ, ಬಿಡಿ. ಈಗ ಕೊನೇ ಪ್ರಶ್ನೆ. ಬೋರ್ಡಿನ ಮೇಲೆ ನೀವೇ ಹಾಕಿದ ಗುರುತು ನೋಡಿ. ಐದನೇ ಸಾಲಲ್ಲಿ ಏನೋ ಒಂದು ಬೇರೆ ಇದೆ. ಏನದು?"

ಮೈಕಮ್ಮ ನೋಡಿದಳು. ಗುರುವಿಗೆ ಗೆರೆ, ಲಘುವಿಗೆ ಕೊಂಬು, ಗೆರೆ, ಕೊಂಬು. ಏನೂ ಹೊಳೆಯಲಿಲ್ಲ. ಈ ಪ್ರಶ್ನೆ ಸೊಸೆಯ ಪಟ್ಟಿಯಲ್ಲಿ ಇರಲಿಲ್ಲ. ಉಗ್ರಾಣದ ಕಪಾಟುಗಳು ಒಂದರ ಹಿಂದೆ ಒಂದು ಕಣ್ಣ ಮುಂದೆ ಬಂದವು.

"ಸರ್, ನನಗೆ ನೋಡಿದ್ರೆ ಗೊತ್ತಾಗಲ್ಲ. ಒಂದ್ಸಲ ಹೇಳಿ ನೋಡಲಾ?"

"ಹೇಳಿ."

ಆಕೆ ಬೋರ್ಡಿಗೆ ಬೆನ್ನು ಮಾಡಿ, ಕೈ ಕಟ್ಟಿ, ಗಾಜಿನ ಕೋಣೆಯಲ್ಲಿ ಕೂತಂತೆ ದೂರಕ್ಕೆ ನೋಡುತ್ತ ಹೇಳಿದಳು. ಪದ್ಯ ಹಗುರವಾಗಿ ಓಡಿತು. ದಡದಲಿ, ಹೊಳೆಯಲು, ಪಥಿಕನು, ಕರೆದನು, ಎಲ್ಲ ಸಣ್ಣ ಸಣ್ಣ ಹೆಜ್ಜೆಗಳು. "ಯಾರು ನೀನೆಂ" ಎಂಬಲ್ಲಿ ದನಿ ತಾನೇ ತಾನಾಗಿ ಭಾರವಾಯಿತು. ಆಕೆ ನಿಲ್ಲಲಿಲ್ಲ, ಕೊನೆಯವರೆಗೂ ಹೇಳಿದಳು. ಹೇಳಿ ಮುಗಿಸಿ ತಿರುಗಿ ಬೋರ್ಡು ನೋಡಿದಳು.

"ನೀ, ನೆಂ. ಎರಡು ಗುರು ಒಟ್ಟಿಗೆ ಕೂತಿವೆ ಸರ್. ಇಡೀ ಪದ್ಯದಲ್ಲಿ ಇನ್ನೆಲ್ಲೂ ನಾಲ್ಕು ಮಾತ್ರೆಯ ತುಂಡಲ್ಲಿ ಬರೀ ಗುರು ಇಲ್ಲ."

"ಹೌದು. ಯಾಕೆ?"

"ಕವಿ ಯಾಕೆ ಮಾಡಿದ್ರೋ ನನಗೆ ಗೊತ್ತಿಲ್ಲ." ಮೈಕಮ್ಮ ಸೀಮೆಸುಣ್ಣವನ್ನು ಬೆರಳಲ್ಲಿ ತಿರುಗಿಸಿದಳು. "ನಾನು ಬಸ್ ಸ್ಟ್ಯಾಂಡಲ್ಲಿ ಅನೌನ್ಸ್ ಮಾಡೋಳು. ಬೆಳಗಿನ ಮೊದಲನೇ ಬಸ್ಸಿಗೆ ಕೂಗುವಾಗ ಕೆಳಗೆ ಜನ ಇರಲ್ಲ. ನನ್ನ ದನಿ ಆಚೆ ಗೋಡೆಗೆ ಹೋಗಿ ತಗಲಿ ವಾಪಸ್ ಬರುತ್ತೆ. ಹೋಗೋವಾಗ ಓಡಿ ಹೋಗುತ್ತೆ ಸರ್. ಬರೋವಾಗ ಕಾಲೆಳೆದುಕೊಂಡು ಬರುತ್ತೆ. ಇಲ್ಲಿ ಕೂಗಿದ್ದು ಅವನು, ಉತ್ತರ ನೀರಿಂದ ಬರ್ತಿದೆ. ಅಂಬಿಗ ಮಾತಾಡಿದ್ದಾ, ಇವನದೇ ದನಿ ವಾಪಸ್ ಬಂದಿದ್ದಾ, ಅದೂ ಗೊತ್ತಿಲ್ಲ. ಅದಕ್ಕೇ ಭಾರ."

ಹಿರಿಯರು ತಲೆಯಾಡಿಸಿದರು. ಅವರು ಪಾಠದಲ್ಲಿ ಹೇಳುತ್ತಿದ್ದ ಕಾರಣವೂ ಹೆಚ್ಚುಕಡಿಮೆ ಅದೇ, ಗೋಡೆಯ ಬದಲು ಅವರು ಬೆಟ್ಟ ಎನ್ನುತ್ತಿದ್ದರು. ಕನ್ನಡಕ ತೆಗೆದು ಒರೆಸಿ, "ನೀವು ಹೋಗಬಹುದು," ಎಂದರು. ಮುಖ ನೋಡಿ ಫಲಿತಾಂಶ ಓದುವಂತಿರಲಿಲ್ಲ.

ಹೊರಗೆ ಗಂಡ ಕೇಳಿದ: "ಏನಾಯ್ತು?"

"ಆನೆ ಅಂದುಬಿಟ್ಟೆ ರೀ."

"ಯಾರಿಗೆ?"

ಫಲಿತಾಂಶ ಬಂದಾಗ ಮೈಕಮ್ಮ ಪಾಸಾಗಿದ್ದಳು. ದೊಡ್ಡ ಅಂಕವೇನಲ್ಲ. ಸೊಸೆ ಶಾಲೆಯಿಂದಲೇ ಫೋನ್ ಮಾಡಿ, "ಎರಡು ಗುರು ವಿಷಯ ನಾನೂ ನೋಡಿರಲಿಲ್ಲ ಅತ್ತೆ, ಇವತ್ತು ಮಕ್ಕಳಿಗೆ ಹೇಳಿದೆ," ಎಂದಳು. ಗಜ ಎಂಬ ಹೆಸರು ಮರೆತದ್ದಕ್ಕೆ ಬೈಯುವುದನ್ನೂ ಬಿಡಲಿಲ್ಲ.

ಈಗ ಆಕೆ ಕೂರುವುದು ಕೆಳಗೆ, ವಿಚಾರಣೆ ಕೌಂಟರಿನ ಅರ್ಧಚಂದ್ರದ ಕಿಂಡಿಯ ಹಿಂದೆ. ಮುಖ ಕಂಡವರು ಮೊದಲ ದಿನಗಳಲ್ಲಿ ತಬ್ಬಿಬ್ಬಾದರು. ಈ ದನಿಗೆ ಇಷ್ಟು ಕುಳ್ಳಗಿನ ಹೆಂಗಸನ್ನು ಅವರು ಯೋಚಿಸಿರಲಿಲ್ಲ. ಮೇಲಿನ ಗಾಜಿನ ಕೋಣೆಯಲ್ಲಿ ಕುರ್ಚಿ ಇಲ್ಲ, ಒಂದು ಪೆಟ್ಟಿಗೆ ಇದೆ, ಅದರ ಮೇಲೆ ಹಸಿರು ದೀಪ. ಅದು ಯಾರೋ ಹುಡುಗಿಯ ಇಂಪಾದ ದನಿಯಲ್ಲಿ, ಬೇರೆ ಬೇರೆಯಾಗಿ ಹಿಡಿದಿಟ್ಟ ಮಾತುಗಳನ್ನು ಜೋಡಿಸಿ ಹೇಳುತ್ತದೆ: "ಬಂದರು. ರಸ್ತೆ. ಆಸ್ಪತ್ರೆಗೆ. ಹೋಗುವ. ಬಸ್ಸು."

ಮೊದಲ ಸಲ ಅದನ್ನು ಕೇಳಿದಾಗ ಮೈಕಮ್ಮ ಕುರ್ಚಿಯಿಂದ ಅರ್ಧ ಎದ್ದಿದ್ದಳು. ಹೊತ್ತಿಗೆ ಸರಿಯಾಗಿ ಚಹಾ ತಂದವನು ಕೇಳಿದ, "ಏನಾಯ್ತು ಮೈಕಮ್ಮಾ?"

"ಕಲ್ಲು ಕಂಡಲ್ಲೆಲ್ಲ ನಿಲ್ಲಿಸ್ತಿದೆ ಕಣಯ್ಯ ಇದು."

ಅವನಿಗೆ ಅರ್ಥವಾಗಲಿಲ್ಲ. ಲೋಟ ಇಟ್ಟು ಹೋದ. ಅಷ್ಟರಲ್ಲಿ ಕಿಂಡಿಯ ಆಚೆ, ಕೈಯಲ್ಲಿ ಊಟದ ಡಬ್ಬಿ ಹಿಡಿದ ಹೆಂಗಸೊಬ್ಬಳು ಬಗ್ಗಿದಳು. ಬಂದರಿನ ಬಸ್ಸು ಅವಳ ಬೆನ್ನ ಹಿಂದೆಯೇ ಇಂಜಿನ್ ಚಾಲೂ ಮಾಡಿ ನಿಂತಿತ್ತು.

"ಅಕ್ಕಾ, ಈಗ ಬಂದರು ಅಂತ ಹೇಳಿತಲ್ಲ, ಅದೇ ಬಸ್ಸಾ?"

"ಎಲ್ಲಿಗೆ ಹೋಗಬೇಕಮ್ಮ ನೀನು?"

"ಆಸ್ಪತ್ರೆಗೆ."

"ಹಾಗಾದ್ರೆ ಅದಲ್ಲ, ಹತ್ತಬೇಡ. ಅದರ ಆಚೆ ನಿಂತಿದೆಯಲ್ಲ ನೀಲಿ ಬಸ್ಸು, ಅದು," ಎಂದಳು ಮೈಕಮ್ಮ. ಆಮೇಲೆ ಕಿಂಡಿಗೆ ಬಾಯಿ ಹತ್ತಿರ ತಂದು, ನಡುವೆ ಎಲ್ಲೂ ಉಸಿರು ತೆಗೆಯದೆ, ಆ ಹೆಸರನ್ನು ಇಡಿಯಾಗಿ ಇನ್ನೊಮ್ಮೆ ಹೇಳಿದಳು.